ಟ್ರೇಲರಿನ ಭಾರಕ್ಕೆ ತಕ್ಕ ಗೇರು ಅನುಪಾತ

(ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ತೆಂಗು ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೇಸಾಯಶಾಸ್ತ್ರ ಕಲಿಸುವವನು ಗೊಬ್ಬರ, ಬಿತ್ತನೆ, ಕಳೆಗಳ ವಿಷಯ ಬಿಟ್ಟು ಟ್ರ್ಯಾಕ್ಟರಿನ ಗೇರಿನ ಬಗ್ಗೆ ಏಕೆ ಮಾತನಾಡುತ್ತಿದ್ದಾನೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ತೆಂಗಿನ ತೋಟಕ್ಕೆ ಕೆರೆಗೋಡು ಹೊಡೆಯಿರಿ ಎಂದು ಹೇಳುವುದು ನಮಗೆ ಸುಲಭ. ಆ ಗೋಡು ಕೆರೆಯಂಗಳದಿಂದ ಹೊರಟು, ಏರಿಯನ್ನು ಹತ್ತಿ, ಅದರ ಮತ್ತೊಂದು ಮಗ್ಗುಲಲ್ಲಿ ಇಳಿದು, ಓಣಿಯಲ್ಲಿ ಹಾದು ತೋಟ ಸೇರಬೇಕು. ಈ ದಾರಿಯಲ್ಲಿಯೇ ಕ್ಲಚ್ಚು ಸುಡುವುದು, ಚಕ್ರ ಹೂತುಕೊಳ್ಳುವುದು, ಒಮ್ಮೊಮ್ಮೆ ಟ್ರೇಲರು ಮಗುಚಿ ಮನೆಮಂದಿಯ ಜೀವಕ್ಕೇ ಎರವಾಗುವುದು. ಗೋಡಿನಿಂದ ತೋಟಕ್ಕಾಗುವ ಲಾಭ ಇಂತಹ ನಷ್ಟಕ್ಕೆ ಸಮನಾಗಲಾರದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಟ್ರ್ಯಾಕ್ಟರು ಉಳುವುದಕ್ಕಿಂತ ಎಳೆಯುವುದೇ ಹೆಚ್ಚು ಎಂದರೆ ತಪ್ಪಾಗಲಾರದು. ಕಿತ್ತ ಕಾಯಿ ಕೊಟ್ಟಿಗೆಗೆ ಬರಬೇಕು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು. ಸುಲಿದ ಮಟ್ಟೆ ನಾರಿನ ಕಾರ್ಖಾನೆಗೆ ಹೋಗಬೇಕು. ಬೇಸಗೆಯಲ್ಲಿ ಗೊಬ್ಬರ, ಗೋಡು, ಕಲ್ಲು, ಇಟ್ಟಿಗೆ. ಆದರೂ ಟ್ರ್ಯಾಕ್ಟರು ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಅಶ್ವಶಕ್ತಿ?’ ಎಂಬುದು. ಅಶ್ವಶಕ್ತಿ ಇಂಜಿನ್ನಿನಲ್ಲಿ ಹುಟ್ಟುತ್ತದೆ. ಅದು ಎಳೆತವಾಗಿ ನೆಲಕ್ಕೆ ಇಳಿಯುವುದು ಗೇರಿನ ಮೂಲಕ. ಆದ್ದರಿಂದ ಇಂದು ಹೇಳಬೇಕೆಂದಿರುವ ಮಾತು ಒಂದೇ: ಗೇರು ಅನುಪಾತವನ್ನು ದಾರಿಯ ಅತಿ ಕಠಿಣವಾದ ನೂರು ಮೀಟರ್ ನೋಡಿ ಆರಿಸಿಕೊಳ್ಳಬೇಕು, ಹೊರೆಯನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸಬಲ್ಲಷ್ಟೇ ಹೇರಬೇಕು.

ಗೇರು ಅನುಪಾತವೆಂದರೇನು?

ಬಾವಿಯಿಂದ ನೀರು ಸೇದುವ ರಾಟೆಯಾಗಲಿ, ಬಂಡೆ ಮೀಟುವ ಹಾರೆಯಾಗಲಿ ಕಲಿಸುವ ಪಾಠ ಒಂದೇ. ಬಲ ಹೆಚ್ಚಬೇಕಾದರೆ ವೇಗವನ್ನು ಬಿಟ್ಟುಕೊಡಬೇಕು. ಹಾರೆಯ ತುದಿಯನ್ನು ಒಂದು ಮಾರು ಒತ್ತಿದರೆ ಬಂಡೆ ಒಂದು ಗೇಣು ಏಳುತ್ತದೆ. ಗೇರಿನಲ್ಲಿಯೂ ಹೀಗೆಯೇ.

ಹಿಂದಿನ ಆಕ್ಸಲಿನ ಪೆಟ್ಟಿಗೆಯೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯೂ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯೂ ಕೂಡಿಕೊಂಡಿರುತ್ತವೆ. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 40 ಹಲ್ಲು ಇದ್ದರೆ ಪಿನಿಯನ್ ಐದು ಸುತ್ತು ಸುತ್ತಿದಾಗ ಕ್ರೌನ್ ಒಂದು ಸುತ್ತು ಸುತ್ತುತ್ತದೆ. ಇದನ್ನು 5:1 ಅನುಪಾತ ಎನ್ನುತ್ತೇವೆ. ವೇಗ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಿರುಗಿಸುವ ಬಲ, ಸವೆತದಲ್ಲಿ ಹೋಗುವ ಅಲ್ಪಭಾಗ ಬಿಟ್ಟು, ಐದು ಪಟ್ಟು ಹೆಚ್ಚುತ್ತದೆ. ಟ್ರ್ಯಾಕ್ಟರಿನಲ್ಲಿ ಇದರ ಮುಂದೆ ಗೇರು ಪೆಟ್ಟಿಗೆ ಇದೆ. ಬಹಳಷ್ಟು ಮಾದರಿಗಳಲ್ಲಿ ಚಕ್ರದ ಬಳಿ ಇನ್ನೊಂದು ಜೊತೆ ಗೇರೂ ಇರುತ್ತದೆ. ಇವೆಲ್ಲವನ್ನೂ ಒಂದಕ್ಕೊಂದು ಗುಣಿಸಿದರೆ ಬರುವುದೇ ಒಟ್ಟು ಅನುಪಾತ. ಒಟ್ಟು ಅನುಪಾತ 60 ಎಂದರೆ ಇಂಜಿನ್ 60 ಸುತ್ತು ತಿರುಗಿದಾಗ ಹಿಂದಿನ ಚಕ್ರ ಒಂದು ಸುತ್ತು ಉರುಳುತ್ತದೆ ಎಂದರ್ಥ.

ಹಿಂದಿನ ಆಕ್ಸಲಿನ ಅನುಪಾತವನ್ನು ಕಾರ್ಖಾನೆಯಲ್ಲಿಯೇ ನಿಗದಿ ಮಾಡಿರುತ್ತಾರೆ. ಅದನ್ನು ಆರಿಸುವ ಅವಕಾಶ ನಿಮಗಿರುವುದು ಕೊಳ್ಳುವ ದಿನ. ಆಮೇಲೆ ದಿನದಿನದ ಆಯ್ಕೆ ನಿಮ್ಮ ಕೈಯಲ್ಲಿರುವ ಗೇರು ಕಡ್ಡಿಯದು. ಅನೇಕ ಟ್ರ್ಯಾಕ್ಟರುಗಳಲ್ಲಿ ಆಮೆ ಮತ್ತು ಮೊಲದ ಚಿತ್ರವಿರುವ ಇನ್ನೊಂದು ಕಡ್ಡಿ ಉಂಟಷ್ಟೆ? ಆಮೆ ಬಲಕ್ಕೆ, ಮೊಲ ವೇಗಕ್ಕೆ.

ನಿಮ್ಮ ಹೊರೆ ಎಷ್ಟೆಂದು ನಿಮಗೆ ಗೊತ್ತೇ?

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಟ್ರೇಲರು ಪೆಟ್ಟಿಗೆಯ ಗಾತ್ರ 120 ಘನ ಅಡಿ, ಅಂದರೆ ಸುಮಾರು 3.4 ಘನ ಮೀಟರ್. ಇದರ ತುಂಬ ಮಟ್ಟೆ ಹಾಕಿದರೆ ಒಂದು ಟನ್ನೂ ತೂಗದು. ಸುಲಿದ ಕಾಯಿ ತುಂಬಿದರೆ ಒಂದೂಮುಕ್ಕಾಲು ಟನ್ನಿನ ಆಸುಪಾಸು. ಒಣಗಿದ ಸಡಿಲ ಗೋಡಾದರೆ ನಾಲ್ಕು ಟನ್ನು ದಾಟುತ್ತದೆ. ಹಸಿ ಗೋಡಾದರೆ ಐದೂವರೆ ಟನ್ನನ್ನು ಮುಟ್ಟುತ್ತದೆ. ಪೆಟ್ಟಿಗೆ ಅದೇ, ದಾರಿ ಅದೇ, ಚಾಲಕನೂ ಅವನೇ. ಆದರೆ ಹೊರೆ ಐದಾರು ಪಟ್ಟು ಬದಲಾಗಿದೆ. ಮಟ್ಟೆ ಸಾಗಿಸಿದ ಗೇರಿನಲ್ಲಿ ಗೋಡು ಸಾಗಿಸಲು ಹೊರಟರೆ ಆಗುವ ಪರಿಣಾಮವನ್ನು ನೀವೇ ಊಹಿಸಬಹುದು. ಆದ್ದರಿಂದ ಹೊರೆಯನ್ನು ಪೆಟ್ಟಿಗೆಯ ಅಂಚು ನೋಡಿ ಅಳೆಯಬಾರದು, ತೂಕ ನೋಡಿ ಅಳೆಯಬೇಕು. ಒಮ್ಮೆ ತೂಕದ ಸೇತುವೆಯ ಮೇಲೆ ನಿಲ್ಲಿಸಿ ತೂಗಿಸಿ, ಮೂರು ಟನ್ನು ಗೋಡಿಗೆ ಪೆಟ್ಟಿಗೆ ಎಲ್ಲಿಯವರೆಗೆ ತುಂಬುತ್ತದೆಂದು ಒಳಗೋಡೆಗೆ ಬಣ್ಣದ ಗೆರೆ ಎಳೆದುಕೊಳ್ಳಿ. ಟ್ರೇಲರಿನ ನೋಂದಣಿ ಪತ್ರದಲ್ಲಿ ನಮೂದಿಸಿರುವ ತೂಕ ಇದಕ್ಕಿಂತ ಕಡಿಮೆಯಿದ್ದರೆ ಅದೇ ನಿಮ್ಮ ಮಿತಿ.

ಎಷ್ಟು ಅನುಪಾತ ಬೇಕು?

ಈಗ ಒಂದು ಲೆಕ್ಕ ಮಾಡೋಣ. ಟ್ರ್ಯಾಕ್ಟರು 35 ಅಶ್ವಶಕ್ತಿಯದು, ತೂಕ 1,800 ಕಿಲೋ. ಖಾಲಿ ಟ್ರೇಲರು 1,200 ಕಿಲೋ, ಹೊರೆ 3,000 ಕಿಲೋ. ಒಟ್ಟು 6,000 ಕಿಲೋ. ಹಿಂದಿನ ಚಕ್ರ ಒಂದು ಸುತ್ತಿಗೆ ಸುಮಾರು ನಾಲ್ಕು ಮೀಟರ್ ಉರುಳುತ್ತದೆ. ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ. ಇಂಜಿನ್ನಿನ ಶಕ್ತಿಯಲ್ಲಿ ಶೇಕಡ 80 ಭಾಗ ಚಕ್ರಕ್ಕೆ ಮುಟ್ಟುತ್ತದೆಂದು ಇಟ್ಟುಕೊಳ್ಳೋಣ.

ಒಳ್ಳೆಯ ಟಾರು ರಸ್ತೆಯ ಸಮತಟ್ಟಿನಲ್ಲಿ ಚಕ್ರ ಉರುಳಲು ಒಟ್ಟು ತೂಕದ ಶೇಕಡ 2ರಷ್ಟು ಬಲ ಸಾಕು. ಅದು 120 ಕಿಲೋ. ಮೊಲದ ಕಡೆಯ ಯಾವ ಗೇರೂ ಇದಕ್ಕೆ ಸಾಲುತ್ತದೆ.

ಅದೇ ಟಾರು ರಸ್ತೆ 20 ಮೀಟರಿಗೆ ಒಂದು ಮೀಟರಿನಂತೆ ಏರುತ್ತಿದ್ದರೆ, ಏರಿಕೆಗಾಗಿ ತೂಕದ ಇಪ್ಪತ್ತನೆಯ ಒಂದು ಭಾಗ, ಅಂದರೆ 300 ಕಿಲೋ ಹೆಚ್ಚಿಗೆ ಬೇಕು. ಒಟ್ಟು 420 ಕಿಲೋ. ಇದಕ್ಕೆ ಸುಮಾರು 27ರ ಒಟ್ಟು ಅನುಪಾತ ಬೇಕಾಗುತ್ತದೆ. ವೇಗ ಗಂಟೆಗೆ 18 ಕಿಲೋಮೀಟರ್ ಮೀರಲಾರದು.

ಇನ್ನು ಕೆರೆಯಂಗಳದಿಂದ ಏರಿ ಹತ್ತುವ ಮಣ್ಣು ದಾರಿ. ಇಲ್ಲಿ ಉರುಳುವುದಕ್ಕೇ ಶೇಕಡ 5 ಬೇಕು, ಅಂದರೆ 300 ಕಿಲೋ. ದಾರಿ ಹತ್ತು ಮೀಟರಿಗೆ ಒಂದು ಮೀಟರು ಏರಿದರೆ ಇನ್ನೂ 600 ಕಿಲೋ. ಒಟ್ಟು 900 ಕಿಲೋ. ಸಮತಟ್ಟಾದ ಟಾರು ರಸ್ತೆಗೆ ಬೇಕಾದ ಬಲದ ಏಳೂವರೆ ಪಟ್ಟು! ಇದಕ್ಕೆ 57ರಷ್ಟು ಒಟ್ಟು ಅನುಪಾತ ಬೇಕು. ವೇಗ ಗಂಟೆಗೆ ಎಂಟು ಕಿಲೋಮೀಟರಿನ ಸುತ್ತಮುತ್ತ. ಇದಕ್ಕಿಂತ ವೇಗವಾಗಿ ಈ ಹೊರೆಯನ್ನು ಈ ಏರಿಗೆ ಎಳೆಯಲು 35 ಅಶ್ವಶಕ್ತಿಗೆ ಸಾಧ್ಯವೇ ಇಲ್ಲ. ನಿಂತಲ್ಲಿಂದ ಹೊರಡುವಾಗ ಇನ್ನೂ ಹೆಚ್ಚಿನ ಬಲ ಬೇಕಾದುದರಿಂದ ಗಂಟೆಗೆ ಐದಾರು ಕಿಲೋಮೀಟರ್ ಕೊಡುವ ಗೇರನ್ನು, ಅಂದರೆ 80 ಅಥವಾ 90ರ ಅನುಪಾತವನ್ನು ಆರಿಸುವುದು ಕ್ಷೇಮ.

ಈ ಗೇರನ್ನು ಏರು ಪ್ರಾರಂಭವಾಗುವ ಮೊದಲೇ ಹಾಕಿಕೊಳ್ಳಬೇಕು. ಅರ್ಧ ಏರಿನಲ್ಲಿ ಇಂಜಿನ್ ಮುಗ್ಗರಿಸಿ ಕಪ್ಪು ಹೊಗೆ ಕಕ್ಕತೊಡಗಿದ ಮೇಲೆ ಗೇರು ಬದಲಾಯಿಸಲು ಹೋದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಕ್ಲಚ್ಚನ್ನು ಅರ್ಧ ಒತ್ತಿ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸುವ ಅಭ್ಯಾಸವನ್ನಂತೂ ಬಿಡಬೇಕು. ಕ್ಲಚ್ಚಿನ ತಟ್ಟೆ ಸುಡುವುದು ಇದರಿಂದಲೇ.

ನಿಮ್ಮ ಟ್ರ್ಯಾಕ್ಟರಿನ ಒಟ್ಟು ಅನುಪಾತ ತಿಳಿಯಲು ಗೇರು ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಸಮತಟ್ಟಾದ ರಸ್ತೆಯಲ್ಲಿ 100 ಮೀಟರ್ ಅಳೆದು ಗುರುತು ಮಾಡಿ. ಖಾಲಿ ಟ್ರ್ಯಾಕ್ಟರನ್ನು 1,500 ಸುತ್ತಿನಲ್ಲಿ ಒಂದೇ ಗೇರಿನಲ್ಲಿ ಓಡಿಸಿ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. 36 ಸೆಕೆಂಡು ಹಿಡಿದರೆ ವೇಗ ಗಂಟೆಗೆ 10 ಕಿಲೋಮೀಟರ್, ನಿಮಿಷಕ್ಕೆ 167 ಮೀಟರ್. 1,500ನ್ನು ಚಕ್ರದ ಸುತ್ತಳತೆಯಾದ 4ರಿಂದ ಗುಣಿಸಿ 167ರಿಂದ ಭಾಗಿಸಿದರೆ 36 ಬರುತ್ತದೆ. ಅದೇ ಆ ಗೇರಿನ ಒಟ್ಟು ಅನುಪಾತ. ಪ್ರತಿ ಗೇರಿಗೂ ಹೀಗೆ ಮಾಡಿ ಒಂದು ಪಟ್ಟಿ ಬರೆದು ಮಡ್ಗಾರ್ಡಿಗೆ ಅಂಟಿಸಿಕೊಂಡರೆ ಚಾಲಕನಿಗೆ ಬಹಳ ಅನುಕೂಲ.

ನೆಲದ ಹಿಡಿತವಿಲ್ಲದೆ ಗೇರಿನಿಂದೇನೂ ಆಗದು

ಗೇರು ಎಷ್ಟೇ ಬಲ ಕೊಟ್ಟರೂ ಅದನ್ನು ನೆಲ ತಾಳಬೇಕು. ಹಿಂದಿನ ಚಕ್ರಗಳ ಮೇಲೆ 1,600 ಕಿಲೋ ಭಾರವಿದ್ದರೆ, ಒಣಗಿದ ಗಟ್ಟಿ ಮಣ್ಣಿನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 800ರಿಂದ 950 ಕಿಲೋ ಎಳೆತ ಸಿಗಬಹುದು. ಮುಂಗಾರಿನ ಒಂದು ಹದ ಮಳೆ ಬಿದ್ದು ಮಣ್ಣು ಜಿಗುಟಾದರೆ ಅದು 500ರಿಂದ 600 ಕಿಲೋಗೆ ಇಳಿಯುತ್ತದೆ. ನಮಗೆ ಬೇಕಾದುದೋ 900. ಆಗ ಚಕ್ರ ನಿಂತಲ್ಲೇ ತಿರುಗುತ್ತದೆ. ಇನ್ನೂ ಕೆಳಗಿನ ಗೇರು ಹಾಕಿದರೂ ಪ್ರಯೋಜನವಿಲ್ಲ. ಇದಕ್ಕೆ ಪರಿಹಾರ ಹೊರೆ ಇಳಿಸುವುದು ಅಥವಾ ಮಣ್ಣು ಆರುವವರೆಗೆ ಕಾಯುವುದು.

ಇಲ್ಲಿ ಬೇಸಾಯಶಾಸ್ತ್ರದ ಮಾತೂ ಬರುತ್ತದೆ. ತೆಂಗಿನ ಮರ ಆಹಾರ ಹೀರುವ ಬೇರುಗಳಲ್ಲಿ ಬಹುಪಾಲು ಬುಡದಿಂದ ಎರಡು ಮೀಟರಿನ ಸುತ್ತಿನಲ್ಲಿ ಹರಡಿಕೊಂಡಿರುತ್ತವೆ. ಆರು ಟನ್ನಿನ ಗಾಡಿ ಹಸಿ ತೋಟದಲ್ಲಿ ಅಡ್ಡಾದಿಡ್ಡಿ ಹೋದರೆ, ಅದರಲ್ಲಿಯೂ ಚಕ್ರ ಜಾರುತ್ತ ಹೋದರೆ, ಮಣ್ಣು ಗಟ್ಟಿಯಾಗಿ ನೀರಿಂಗದಂತಾಗುತ್ತದೆ. ಫಲವತ್ತತೆಗೆಂದು ತಂದ ಗೋಡೇ ತೋಟಕ್ಕೆ ಕೇಡು ಮಾಡಿದಂತಾಗುತ್ತದೆ. ಒಂಬತ್ತು ಮೀಟರ್ ಅಂತರದ ತೋಟದಲ್ಲಿ ಸಾಲಿನ ನಡುವೆ ಒಂದೇ ಕಾಯಂ ದಾರಿ ಮಾಡಿಕೊಂಡು, ಅದರಲ್ಲಿಯೇ ಹೋಗಿ ಅದರಲ್ಲಿಯೇ ಬರಬೇಕು.

ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರಗಳ ಅರಿವಿದೆ. ಹೊರೆ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಎರಡು ಚಕ್ರದ ಟ್ರೇಲರಿನಲ್ಲಿಯೂ ಹಾಗೆಯೇ. ಹಿಂಭಾರವಾದರೆ ಅದು ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆತ್ತಿ ಚಕ್ರದ ಹಿಡಿತವನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಹೊರೆ ಸ್ವಲ್ಪ ಮುಂಭಾರವಾಗಿರಲಿ. ಕೊಂಡಿಯನ್ನು ತಯಾರಕರು ಕೊಟ್ಟಿರುವ ಜಾಗದಲ್ಲಿ, ಆಕ್ಸಲಿಗಿಂತ ಕೆಳಗೇ ಹಾಕಬೇಕು. ಕೊಂಡಿ ಆಕ್ಸಲಿಗಿಂತ ಮೇಲಿದ್ದು, ಕೆಳಗಿನ ಗೇರಿನಲ್ಲಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಮುಂದಿನ ಚಕ್ರಗಳು ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ಇದು ಕಣ್ಣು ಮುಚ್ಚಿ ತೆರೆಯುವುದರೊಳಗೆ ನಡೆದುಹೋಗುತ್ತದೆ. ಚಾಲಕನಿಗೆ ಜಿಗಿಯಲೂ ಸಮಯ ಸಿಗದು.

ಇಳಿಜಾರಿನಲ್ಲಿ ಅದೇ ಗೇರು ರಕ್ಷಕ

ಏರಿನಲ್ಲಿ ಆಗುವ ತಪ್ಪಿಗೆ ದಂಡ ಹಣದಲ್ಲಿ ತೆರಬೇಕು. ಇಳಿಜಾರಿನ ತಪ್ಪಿಗೆ ಪ್ರಾಣವನ್ನೇ ತೆರಬೇಕಾಗಬಹುದು. ಚಿಕ್ಕನಾಯಕನಹಳ್ಳಿ ಬಳಿಯ ಮದಲಿಂಗನ ಕಣಿವೆಯಂತಹ ಗುಡ್ಡಗಾಡಿನ ದಾರಿಯಿರಲಿ, ನಿಮ್ಮೂರ ಕೆರೆ ಏರಿಯ ಇಳುಕಲಿರಲಿ, ನಿಯಮ ಒಂದೇ.

ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ನಮ್ಮ ಆರು ಟನ್ನಿನ ಗಾಡಿಯನ್ನು ಅದರ ತೂಕವೇ 600 ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಟಾರು ರಸ್ತೆ ಅದರಲ್ಲಿ 120 ಕಿಲೋ ಮಾತ್ರ ತಡೆಯುತ್ತದೆ. ಉಳಿದ 480 ಕಿಲೋ ಯಾರು ತಡೆಯಬೇಕು? ಟ್ರೇಲರಿಗೆ ಬ್ರೇಕಿಲ್ಲದಿದ್ದರೆ ಟ್ರ್ಯಾಕ್ಟರೊಂದೇ ತಡೆಯಬೇಕು. ಇಂಜಿನ್ನಿಗೂ ತಡೆಯುವ ಶಕ್ತಿಯಿದೆ. ಆ ಶಕ್ತಿಯನ್ನು ಹೆಚ್ಚಿಸುವುದೂ ಗೇರು ಅನುಪಾತವೇ. 20ರ ಅನುಪಾತದಲ್ಲಿ ಸಿಗುವ ತಡೆಯ ಮೂರು ಪಟ್ಟು 60ರ ಅನುಪಾತದಲ್ಲಿ ಸಿಗುತ್ತದೆ. ಅದರ ಮೇಲೆ ವೇಗದ ವಿಚಾರ. ವೇಗ ಗಂಟೆಗೆ 6ರಿಂದ 24 ಕಿಲೋಮೀಟರಿಗೆ ಏರಿದರೆ, ಅಂದರೆ ನಾಲ್ಕು ಪಟ್ಟಾದರೆ, ಬ್ರೇಕು ನುಂಗಬೇಕಾದ ಶಕ್ತಿ ಹದಿನಾರು ಪಟ್ಟಾಗುತ್ತದೆ.

ಆದ್ದರಿಂದ ಯಾವ ಗೇರಿನಲ್ಲಿ ಆ ದಾರಿಯನ್ನು ಹತ್ತುವಿರೋ ಅದೇ ಗೇರಿನಲ್ಲಿ, ಅಥವಾ ಅದಕ್ಕಿಂತ ಒಂದು ಕೆಳಗಿನ ಗೇರಿನಲ್ಲಿ ಇಳಿಯಬೇಕು. ಇಳಿಜಾರು ಪ್ರಾರಂಭವಾಗುವ ಮೊದಲೇ ಅದನ್ನು ಹಾಕಿಕೊಂಡಿರಬೇಕು. ನಡುವೆ ಕ್ಲಚ್ಚು ಒತ್ತಕೂಡದು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿಗೆ ಹಾಕಿ ಬಿಡುವುದು ಜೀವದ ಜೊತೆ ಜೂಜಾಡಿದಂತೆ. ವೇಗ ಹಿಡಿದ ಮೇಲೆ, ಮುಖ್ಯವಾಗಿ ಹಳೆಯ ಟ್ರ್ಯಾಕ್ಟರುಗಳಲ್ಲಿ, ಮತ್ತೆ ಗೇರು ಕೂಡುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಟ್ರ್ಯಾಕ್ಟರಿನಲ್ಲಿ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬ್ರೇಕಿನ ಪೆಡಲು ಇರುವುದು ಹೊಲದಲ್ಲಿ ತಿರುಗಿಸುವ ಸಲುವಾಗಿ. ರಸ್ತೆಗೆ ಬರುವ ಮೊದಲು ಎರಡನ್ನೂ ಕೂಡಿಸುವ ಚಿಲಕ ಹಾಕಲೇಬೇಕು. ಹಾಕದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಗಿ ಟ್ರ್ಯಾಕ್ಟರು ಒಂದು ಕಡೆಗೆ ತಿರುಗಿಬಿಡುತ್ತದೆ. ಹಿಂದಿನಿಂದ ಟ್ರೇಲರು ಅದನ್ನು ತಳ್ಳಿ ಮಗುಚುತ್ತದೆ. ಹೊರೆಯ ಮೇಲೆ, ಮಡ್ಗಾರ್ಡಿನ ಮೇಲೆ, ಕೊಂಡಿಯ ಮೇಲೆ ಆಳುಗಳನ್ನಾಗಲಿ ಮಕ್ಕಳನ್ನಾಗಲಿ ಕೂರಿಸಬೇಡಿ. ತಾಯಂದಿರು ಈ ಒಂದು ಮಾತನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಬೇಕೆಂದು ನನ್ನ ವಿನಂತಿ.

ಕೊಳ್ಳುವಾಗ ನೋಡಬೇಕಾದ್ದೇನು?

ಮಾರುವವರ ಮಾತನ್ನು ನಂಬಿ ಕೊಳ್ಳುವ ಕಷ್ಟ ನಮ್ಮ ದೇಶದ ರೈತರಿಗೆ ಮಾತ್ರ ಬಂದದ್ದಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ರೈತರು ಇದರಿಂದ ಬೇಸತ್ತದ್ದರಿಂದ 1919ರಲ್ಲಿ ಕಾನೂನು ಮಾಡಿ, 1920ರಿಂದ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಟ್ರ್ಯಾಕ್ಟರುಗಳ ಪರೀಕ್ಷೆ ನಡೆಸತೊಡಗಿದರು. ನಮ್ಮಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಅದರ ವರದಿಗಳಲ್ಲಿ ಪ್ರತಿ ಗೇರಿನ ವೇಗ, ಕೊಂಡಿಯಲ್ಲಿ ದೊರೆಯುವ ಎಳೆತ, ಬ್ರೇಕಿನ ಪರೀಕ್ಷೆ ಇವೆಲ್ಲ ಇರುತ್ತವೆ. ಟ್ರ್ಯಾಕ್ಟರು ಕೊಳ್ಳುವ ಮೊದಲು ವಿತರಕರಲ್ಲಿ ಆ ವರದಿಯನ್ನು ಕೇಳಿ ನೋಡಿ. ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು.

ವರದಿಯಲ್ಲಿ ಗೇರುಗಳ ವೇಗದ ಪಟ್ಟಿ ತೆಗೆದು ನೋಡಿ. ಗಂಟೆಗೆ 4ರಿಂದ 8 ಕಿಲೋಮೀಟರಿನೊಳಗೆ ಕನಿಷ್ಠ ಎರಡು ಗೇರು, 8ರಿಂದ 18ರೊಳಗೆ ಎರಡು ಗೇರು ಇದ್ದರೆ ನಮ್ಮ ಸೀಮೆಯ ಗೋಡು, ಗೊಬ್ಬರದ ಕೆಲಸಕ್ಕೆ ಅನುಕೂಲ. ಆಮೆಯ ಕೊನೆಯ ಗೇರಿಗೂ ಮೊಲದ ಮೊದಲ ಗೇರಿಗೂ ನಡುವೆ ದೊಡ್ಡ ಕಂದಕವಿದ್ದರೆ ಏರಿನಲ್ಲಿ ಒಂದು ಗೇರು ಸಾಲದು, ಇನ್ನೊಂದು ತೀರ ನಿಧಾನ ಎಂಬ ಇಕ್ಕಟ್ಟು ಒದಗುತ್ತದೆ. ಚಕ್ರದ ಅಳತೆಯನ್ನೂ ಗಮನಿಸಬೇಕು. 12.4–28ರ ಟೈರಿನ ಬದಲು 13.6–28ರ ಟೈರು ಹಾಕಿದರೆ ಚಕ್ರ ಸುಮಾರು ಶೇಕಡ 4ರಷ್ಟು ದೊಡ್ಡದಾಗುತ್ತದೆ. ವೇಗ ಅಷ್ಟು ಹೆಚ್ಚಿ ಎಳೆತ ಅಷ್ಟು ತಗ್ಗುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಟ್ರ್ಯಾಕ್ಟರಿನಲ್ಲಿ ಹಿಂದಿನ ಟೈರಿನ ಅಳತೆ ಮಾತ್ರ ಬದಲಾಯಿಸಿದರೆ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಹೊಂದಾಣಿಕೆ ತಪ್ಪಿ ಗೇರುಗಳು ಸವೆಯುತ್ತವೆ.

ಸರಕು ಸಾಗಿಸುವ ಸಣ್ಣ ವಾಹನ ಇಟ್ಟುಕೊಂಡವರಿಗೆ ಒಂದು ಮಾತು. ಇವುಗಳಲ್ಲಿ ಹಿಂದಿನ ಆಕ್ಸಲಿನ ಅನುಪಾತವನ್ನು ನೀವೇ ಎಣಿಸಬಹುದು. ಇಂಜಿನ್ ನಿಲ್ಲಿಸಿ, ಸಮತಟ್ಟಿನಲ್ಲಿ ಉಳಿದ ಚಕ್ರಗಳಿಗೆ ಭದ್ರವಾಗಿ ಕಲ್ಲುಕೊಟ್ಟು, ಹಿಂದಿನ ಒಂದು ಚಕ್ರವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್ಲಿಗೆ ಹಾಕಿ ಕೈಬ್ರೇಕು ಸಡಿಲಿಸಿ. ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ, ಉದ್ದದ ಶಾಫ್ಟು ಎಷ್ಟು ಸುತ್ತಿತೆಂದು ಪಕ್ಕದಿಂದ ಎಣಿಸಿ; ವಾಹನದ ಕೆಳಗೆ ಮಾತ್ರ ನುಸುಳಬೇಡಿ. ಶಾಫ್ಟು 41 ಸುತ್ತು ಸುತ್ತಿದರೆ ಅನುಪಾತ 4.1. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ. ಅದಕ್ಕಾಗಿ 20 ಸುತ್ತು.

3.9ರ ಅನುಪಾತವನ್ನು ತೆಗೆದು 4.9 ಹಾಕಿಸಿದರೆ ಎಳೆತ ಸುಮಾರು ಶೇಕಡ 25 ಹೆಚ್ಚುತ್ತದೆ. ಅದೇ ಸುತ್ತಿನಲ್ಲಿ ವೇಗ ಶೇಕಡ 20 ತಗ್ಗುತ್ತದೆ. ಹೆದ್ದಾರಿಯಲ್ಲಿ ಡೀಸೆಲ್ ಹೆಚ್ಚು ಖರ್ಚಾಗುತ್ತದೆ. ನಿಮ್ಮ ದಾರಿಯ ಕಠಿಣ ಭಾಗವನ್ನು ಮೊದಲನೆಯ ಗೇರಿನಲ್ಲಿ ಆಯಾಸವಿಲ್ಲದೆ ದಾಟುತ್ತಿದ್ದರೆ ಬದಲಾವಣೆ ಬೇಕಿಲ್ಲ. ಬದಲಾಯಿಸಲೇಬೇಕಾದರೆ ತಯಾರಕರು ಒಪ್ಪಿದ ಜೋಡಿಯನ್ನೇ, ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಒಟ್ಟಿಗೆ ಹಾಕಿಸಬೇಕು. ಒಂದು ಹಳೆಯದು, ಒಂದು ಹೊಸದು ಕೂಡಿದರೆ ಹಲ್ಲು ಮುರಿಯುತ್ತದೆ. ಅನುಪಾತ ಬದಲಾಯಿಸಿದ ಮಾತ್ರಕ್ಕೆ ಬ್ರೇಕಾಗಲಿ, ಪಟ್ಟಿಯಾಗಲಿ, ಚಾಸಿಯಾಗಲಿ ಬಲವಾಗುವುದಿಲ್ಲ. ಹೇರುವ ತೂಕದ ಮಿತಿ ಹಿಂದಿನದೇ.

ಸಾರಾಂಶ

1. ಹೊರೆಯನ್ನು ತೂಕದಿಂದ ತಿಳಿಯಿರಿ. ಟ್ರೇಲರಿನ ಒಳಗೆ ಗೋಡಿನ ಗೆರೆ ಹಾಕಿಕೊಳ್ಳಿ.
2. ದಾರಿಯ ಅತಿ ಕಠಿಣ ಭಾಗಕ್ಕೆ ತಕ್ಕ ಗೇರನ್ನು ಅದು ಬರುವ ಮೊದಲೇ ಹಾಕಿ.
3. ಚಕ್ರ ಜಾರಿದರೆ ಗೇರು ಬದಲಿಸಬೇಡಿ, ಹೊರೆ ಇಳಿಸಿ.
4. ಹತ್ತಿದ ಗೇರಿನಲ್ಲಿಯೇ ಇಳಿಯಿರಿ. ನ್ಯೂಟ್ರಲ್ ಬೇಡ, ಕ್ಲಚ್ಚು ಬೇಡ.
5. ರಸ್ತೆಗಿಳಿಯುವ ಮುನ್ನ ಎರಡು ಬ್ರೇಕಿನ ಪೆಡಲುಗಳ ಚಿಲಕ ಹಾಕಿ.
6. ಟ್ರೇಲರಿಗೆ ಬ್ರೇಕು ಇರಲಿ. ಹೊರೆಯ ಮೇಲೆ ಜನ ಬೇಡ.
7. ಕೊಳ್ಳುವ ಮೊದಲು ಪರೀಕ್ಷಾ ವರದಿಯಲ್ಲಿ ಗೇರುಗಳ ವೇಗವನ್ನು ನೋಡಿ.

ಬಾಡಿಗೆಗೆ ಹೊಡೆಯುವವರು ಲೋಡಿಗಿಷ್ಟು ಎಂದು ಹಣ ಪಡೆಯುವುದರಿಂದ ಲೋಡು ದೊಡ್ಡದಾಗಿರಲೆಂದು ತೋಟದವರು ಬಯಸುವುದು ಸಹಜ. ಐದೂವರೆ ಟನ್ನಿನ ಒಂದು ಲೋಡಿನ ಬದಲು ಎರಡು ಲೋಡು ಹೊಡೆಸಿದರೆ ಬಾಡಿಗೆ ಸ್ವಲ್ಪ ಹೆಚ್ಚಾಗುತ್ತದೆ, ನಿಜ. ಆದರೆ ತೆಂಗು ಅರವತ್ತು ಎಪ್ಪತ್ತು ವರ್ಷ ಬಾಳುವ ಮರ. ಅದಕ್ಕೆ ಗೋಡು ಒಂದು ದಿನ ತಡವಾಗಿ ಬಂದರೆ ನಷ್ಟವೇನೂ ಇಲ್ಲ. ಈ ಬೇಸಗೆಯಲ್ಲಿ ಗೋಡು ಹೊಡೆಸುವ ಮೊದಲು ಚಾಲಕನೊಡನೆ ಕೂತು ದಾರಿ, ಹೊರೆ, ಗೇರು ಈ ಮೂರನ್ನೂ ಮಾತನಾಡಿಕೊಳ್ಳಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.